ಒಂದೇ ದಿನದ ತಾಜ್ ಪ್ರವಾಸ: ರೈಲಿಗಿಂತ ಮುಖ್ಯ ನಡುವಿನ ಎಂಟು ಗಂಟೆ

ಪ್ರಶ್ನೆ: ನಾವು ವಿಜಯಪುರದವರು. ನಾನು ನಿವೃತ್ತ ಶಿಕ್ಷಕಿ, ವಯಸ್ಸು 66. ಯಜಮಾನರಿಗೆ 72, ಮೊಣಕಾಲು ಸವೆದಿರುವುದರಿಂದ ಮೆಟ್ಟಿಲು ಹತ್ತುವುದು ಕಷ್ಟ, ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುತ್ತಾರೆ. ಮಗಳು ಗುರುಗ್ರಾಮದಲ್ಲಿದ್ದಾಳೆ. ಡಿಸೆಂಬರ್ ಕೊನೆಯ ವಾರ ಮಗನೂ ಆರು ವರ್ಷದ ಮೊಮ್ಮಗನೂ ಅಮೆರಿಕದಿಂದ ಅಲ್ಲಿಗೆ ಬರುತ್ತಾರೆ. ನಾವಿಬ್ಬರು ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗುವ ಯೋಚನೆಯಲ್ಲಿದ್ದೇವೆ. ದೆಹಲಿಯ ಏಜೆಂಟರೊಬ್ಬರು ಗತಿಮಾನ್ ಎಕ್ಸ್‌ಪ್ರೆಸ್‌ನಲ್ಲಿ ಒಂದೇ ದಿನದಲ್ಲಿ ತಾಜ್ ಮಹಲ್ ತೋರಿಸಿ ಕರೆತರಲು ರೈಲು, ಕಾರು, ಗೈಡ್, ಊಟ ಸೇರಿ ತಲೆಗೆ 7,500 ರೂಪಾಯಿ ಹೇಳಿದ್ದಾರೆ. ಮೊಮ್ಮಗನದು ಅಮೆರಿಕದ ಪಾಸ್‌ಪೋರ್ಟ್ ಆದ್ದರಿಂದ ಅವನಿಗೆ ವಿದೇಶಿಯರ ಟಿಕೆಟ್ ಎಂದು 1,300 ರೂಪಾಯಿ ಹೆಚ್ಚುವರಿಯಂತೆ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ, ನಿಜವೇ? ಮಗ ಕಾರಿನಲ್ಲೇ ಹೋಗೋಣ ಎನ್ನುತ್ತಾನೆ. ಶುಕ್ರವಾರ ಹೋದರೆ ಜನಸಂದಣಿ ಕಡಿಮೆ ಇರಬಹುದೇ? ಯಜಮಾನರಂತೂ, ‘ಗೋಳಗುಮ್ಮಟದ ನೆರಳಲ್ಲಿ ಬೆಳೆದವನಿಗೆ ತಾಜ್ ಯಾಕೆ, ನಾನು ಮಗಳ ಮನೆಯಲ್ಲೇ ಇರುತ್ತೇನೆ’ ಎನ್ನುತ್ತಿದ್ದಾರೆ. ಒಂದು ದಿನ ಸಾಕೇ? ಈ ದುಡ್ಡು ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿರುವ ಪ್ರಶ್ನೆಗಳು ಹಲವಾದರೂ ಆತಂಕ ಒಂದೇ ಎಂದು ನನಗೆ ಅನ್ನಿಸುತ್ತದೆ. ಮನೆಮಂದಿಯೆಲ್ಲ ಅಪರೂಪಕ್ಕೆ ಒಟ್ಟಿಗೆ ಸೇರುವ ಒಂದು ದಿನ ಓಡಾಟದಲ್ಲೇ ಕಳೆದುಹೋದೀತೇ, ಅದರಲ್ಲೂ ಯಜಮಾನರು ಎಲ್ಲೋ ಕುಳಿತು ಉಳಿದವರಿಗಾಗಿ ಕಾಯುವಂತಾದೀತೇ ಎಂಬುದು ಆ ಆತಂಕ. ಕರ್ನಾಟಕದ ತಂಡಗಳನ್ನು ಉತ್ತರ ಭಾರತಕ್ಕೆ ಕರೆದೊಯ್ಯುವ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ಹೇಳುವುದಾದರೆ, ಒಂದು ದಿನ ಸಾಕು. ಆದರೆ ಆ ದಿನ ಕೆಡುವುದು ಸಾಮಾನ್ಯವಾಗಿ ರೈಲಿನಲ್ಲಲ್ಲ, ಆಗ್ರಾದಲ್ಲಿ ಇಳಿದ ಮೇಲೆ.

ಮೊದಲು ಸುಲಭವಾಗಿ ಬಗೆಹರಿಯುವ ಸಂಗತಿಗಳನ್ನು ಮುಗಿಸಿಬಿಡೋಣ. ಶುಕ್ರವಾರ ತಾಜ್ ಮಹಲ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಅಂದು ಮಧ್ಯಾಹ್ನ ಅಲ್ಲಿನ ಮಸೀದಿಗೆ ನಮಾಜಿಗೆ ಹೋಗುವವರಿಗೆ ಮಾತ್ರ ಪ್ರವೇಶ. ಗತಿಮಾನ್ ಕೂಡ ಶುಕ್ರವಾರ ಓಡುವುದಿಲ್ಲ. ಗೈಡ್ ಕಡ್ಡಾಯ ಎಂಬುದು ಸುಳ್ಳು, ಅಂಥ ನಿಯಮವೇ ಇಲ್ಲ. ಮೊಮ್ಮಗನ ಟಿಕೆಟ್ಟಿನ ಮಾತೂ ಸುಳ್ಳೇ: 15 ವರ್ಷದೊಳಗಿನ ಮಕ್ಕಳಿಗೆ, ಅವರ ಪಾಸ್‌ಪೋರ್ಟ್ ಯಾವ ದೇಶದ್ದಾದರೂ, ಪ್ರವೇಶ ಶುಲ್ಕವಿಲ್ಲ. ವಿದೇಶಿ ವಯಸ್ಕರಿಗೆ 1,100 ರೂಪಾಯಿ, ಮುಖ್ಯ ಗೋರಿಯ ಕಟ್ಟಡಕ್ಕೆ ಹೋಗಲು ಮತ್ತೆ 200 ರೂಪಾಯಿ ಇರುವುದರಿಂದ ಏಜೆಂಟರು ಆ 1,300ನ್ನು ಮಗುವಿಗೂ ಹಚ್ಚಿದ್ದಾರೆ. ಭಾರತೀಯರಿಗೆ 50 ರೂಪಾಯಿ, ಮುಖ್ಯ ಕಟ್ಟಡಕ್ಕೆ ಹೆಚ್ಚುವರಿ 200. ಮಗುವಿನ ವಯಸ್ಸಿನ ದಾಖಲೆಯಾಗಿ ಪಾಸ್‌ಪೋರ್ಟ್ ಜೊತೆಗಿರಲಿ. ಆರು ವರ್ಷದ ಮಗುವಿನ ಹೆಸರಿನಲ್ಲಿ ಇಲ್ಲದ ಶುಲ್ಕ ಸೇರಿಸುವವರು ಉಳಿದ ಲೆಕ್ಕವನ್ನು ಹೇಗೆ ಬರೆದಿರಬಹುದು ಎಂದು ನೀವೂ ಸ್ವಲ್ಪ ಅನುಮಾನಿಸುವುದು ಒಳ್ಳೆಯದು.

ಇನ್ನು ರೈಲು. 2016ರ ಏಪ್ರಿಲ್‌ನಲ್ಲಿ ಆರಂಭವಾದ ಗತಿಮಾನ್, ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡಿದ ದೇಶದ ಮೊದಲ ರೈಲು. ಹಜರತ್ ನಿಜಾಮುದ್ದೀನ್‌ನಿಂದ ಆಗ್ರಾ ಕ್ಯಾಂಟ್‌ವರೆಗಿನ 188 ಕಿ.ಮೀ. ದೂರವನ್ನು ಅದು 100 ನಿಮಿಷದಲ್ಲಿ ಮುಗಿಸುತ್ತದೆ. ಬೆಳಿಗ್ಗೆ 8.10ಕ್ಕೆ ಹೊರಟು 9.50ಕ್ಕೆ ತಲುಪುತ್ತದೆ, ಸಂಜೆ 5.50ಕ್ಕೆ ಆಗ್ರಾದಿಂದ ಹೊರಟು 7.30ಕ್ಕೆ ವಾಪಸ್. ಅಂದರೆ ನಿಮ್ಮ ಕೈಗೆ ಸಿಗುವುದು ಸರಿಯಾಗಿ ಎಂಟು ಗಂಟೆ. ಆಸನ ಆರಾಮವಾಗಿದೆ, ಕಾಲು ಚಾಚಲು ಜಾಗವಿದೆ, ನಿಮ್ಮ ಯಜಮಾನರ ಮೊಣಕಾಲಿಗೆ ಕಾರಿಗಿಂತ ಇದೇ ಹಿತ. ಟಿಕೆಟ್ ನೀವೇ ಕಾಯ್ದಿರಿಸಬಹುದು. 60 ದಿನ ಮೊದಲು ಬುಕ್ಕಿಂಗ್ ತೆರೆಯುತ್ತದೆ, ಡಿಸೆಂಬರ್ ರಜೆಯ ಸೀಟುಗಳು ಬೇಗ ತುಂಬುತ್ತವೆ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದರಿಂದ ಅದನ್ನು ನೆಚ್ಚಿಕೊಳ್ಳಬೇಡಿ. ಹತ್ತಬೇಕಾದದ್ದು ನಿಜಾಮುದ್ದೀನ್ ನಿಲ್ದಾಣದಲ್ಲಿ, ನವದೆಹಲಿ ನಿಲ್ದಾಣದಲ್ಲಲ್ಲ. ಈ ಗೊಂದಲದಿಂದ ರೈಲು ತಪ್ಪಿಸಿಕೊಂಡವರನ್ನು ಪ್ರತಿವರ್ಷ ನೋಡಿದ್ದೇನೆ. ಗುರುಗ್ರಾಮದಿಂದ ಮೆಟ್ರೋದ ಹಳದಿ ಮಾರ್ಗದಲ್ಲಿ ಬಂದು ಐಎನ್‌ಎ ನಿಲ್ದಾಣದಲ್ಲಿ ಗುಲಾಬಿ ಮಾರ್ಗಕ್ಕೆ ಬದಲಿಸಿದರೆ ಸರಾಯ್ ಕಾಲೇ ಖಾನ್ ನಿಲ್ದಾಣ ರೈಲ್ವೆ ನಿಲ್ದಾಣದ ಪಕ್ಕದಲ್ಲೇ ಇದೆ. ಯಜಮಾನರು ಜೊತೆಗಿದ್ದರೆ ಮಾತ್ರ ಕಾರಿನಲ್ಲೇ ಬನ್ನಿ, ಮತ್ತು ಮಂಜಿನ ದಿನವೆಂದು ಭಾವಿಸಿ ಆರೂಕಾಲಿಗಾದರೂ ಮನೆ ಬಿಡಿ.

ಡಿಸೆಂಬರ್ ಕೊನೆಯ ವಾರ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಂಜೇ. ನಮ್ಮ ಕಡೆಯ ಚಳಿಗಾಲದ ಇಬ್ಬನಿಗೂ ಅದಕ್ಕೂ ಹೋಲಿಕೆಯಿಲ್ಲ. ಗಂಗಾ-ಯಮುನಾ ಬಯಲಿನಲ್ಲಿ ನೆಲದಲ್ಲಿ ತೇವವಿರುತ್ತದೆ, ಗಾಳಿ ನಿಂತಿರುತ್ತದೆ, ರಾತ್ರಿ ನೆಲ ಬೇಗ ತಣಿದು ಅದಕ್ಕೆ ತಾಗಿದ ಗಾಳಿಯಲ್ಲಿನ ತೇವ ಹನಿಗಟ್ಟುತ್ತದೆ. ಮೇಲಿನ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕುಳಿತು ಅದನ್ನು ಮೇಲೇಳಲು ಬಿಡುವುದಿಲ್ಲ. ಹೊಗೆ, ದೂಳು ಸೇರಿ ಅದು ಇನ್ನಷ್ಟು ದಟ್ಟವಾಗುತ್ತದೆ. ಬಿಸಿಲು ಬಲಿತ ಮೇಲೆ, ಅಂದರೆ ಎಷ್ಟೋ ದಿನ ಹತ್ತು ಹನ್ನೊಂದು ಗಂಟೆಯ ನಂತರವೇ ಅದು ಕರಗುವುದು. ದಟ್ಟ ಮಂಜಿನಲ್ಲಿ ಸಿಗ್ನಲ್ ಹತ್ತಿರವಾಗುವುದನ್ನು ಚಾಲಕರಿಗೆ ತಿಳಿಸುವ ಉಪಕರಣವಿದ್ದರೂ ರೈಲು ಗಂಟೆಗೆ 75 ಕಿ.ಮೀ. ಮೀರುವಂತಿಲ್ಲ. 188 ಕಿ.ಮೀ.ಗೆ ಆ ವೇಗದಲ್ಲಿ ಲೆಕ್ಕ ಹಾಕಿ ನೋಡಿ: 100 ನಿಮಿಷದ ಪ್ರಯಾಣ ಎರಡೂವರೆ ಗಂಟೆಗೂ ಮೀರುತ್ತದೆ, ಅದೂ ಮುಂದಿನ ಹಳಿ ಖಾಲಿಯಿದ್ದರೆ. ಇನ್ನೊಂದು ಸೂಕ್ಷ್ಮವಿದೆ. ಬೆಳಿಗ್ಗೆ ನಿಮ್ಮನ್ನು ಆಗ್ರಾದಲ್ಲಿ ಇಳಿಸಿದ ರೈಲು ಝಾನ್ಸಿಯವರೆಗೆ ಹೋಗಿ, ಅಲ್ಲಿಂದ ಮರಳಿ ಬಂದು ಸಂಜೆ ನಿಮ್ಮನ್ನು ಹತ್ತಿಸಿಕೊಳ್ಳುತ್ತದೆ. ಬೆಳಗಿನ ತಡ ಬಹಳವಾದರೆ ಸಂಜೆಗೂ ಅದು ಅಂಟಿಕೊಂಡು ಬರುತ್ತದೆ. ರೈಲು ಹೊರಡುವುದೇ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಮಾಡದಿದ್ದರೆ ಟಿಕೆಟ್ಟಿನ ಪೂರ್ತಿ ಹಣ ವಾಪಸ್ ಬರುತ್ತದೆ, ಆದರೆ ರೈಲು ಹೊರಡುವ ಮೊದಲೇ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ ಸಲ್ಲಿಸಬೇಕು. ಏಜೆಂಟರ ಪ್ಯಾಕೇಜಿನಲ್ಲಿ ಆ ಟಿಕೆಟ್ ಅವರ ಖಾತೆಯಿಂದ ಮಾಡಿದ್ದಾಗಿರುವುದರಿಂದ ಆ ಹಣ ನಿಮ್ಮ ಕೈಗೆ ಬರುವುದು ಅವರ ಮರ್ಜಿ.

ಮಗನ ಕಾರಿನ ಸಲಹೆ ಮಾರ್ಚ್‌ನಲ್ಲಾಗಿದ್ದರೆ ನಾನೂ ಒಪ್ಪುತ್ತಿದ್ದೆ. 2012ರಲ್ಲಿ ತೆರೆದ 165 ಕಿ.ಮೀ.ಯ ಯಮುನಾ ಎಕ್ಸ್‌ಪ್ರೆಸ್‌ವೇ ಒಳ್ಳೆಯ ರಸ್ತೆ. ಆದರೆ ಮಂಜಿನ ಮುಂಜಾನೆಗಳಲ್ಲಿ ಅಲ್ಲಿ ಒಂದರ ಹಿಂದೊಂದು ವಾಹನ ಗುದ್ದುವ ಅಪಘಾತಗಳು ಮರುಕಳಿಸುತ್ತಲೇ ಇವೆ, ಆ ಕಾರಣಕ್ಕೇ ಚಳಿಗಾಲದಲ್ಲಿ ಅಲ್ಲಿನ ವೇಗದ ಮಿತಿಯನ್ನು ಇಳಿಸುತ್ತಾರೆ. ಮಂಜಿನಲ್ಲಿ ರೈಲು ತಡವಾಗುತ್ತದೆ. ರಸ್ತೆಯಲ್ಲಿ ಆಗುವ ನಷ್ಟ ಕೇವಲ ಸಮಯದ್ದಲ್ಲ. ಮಗನಿಗೆ ಇದನ್ನು ಖಡಾಖಂಡಿತವಾಗಿ ಹೇಳಿ.

ಈಗ ಆ ಎಂಟು ಗಂಟೆಗಳಿಗೆ ಬರೋಣ. ಬಹಳ ಹಿಂದಿನ ಒಂದು ಡಿಸೆಂಬರ್‌ನಲ್ಲಿ ಇಪ್ಪತ್ತೆರಡು ಜನರ ತಂಡದೊಂದಿಗೆ ಹೋಗಿದ್ದೆ. ರೈಲು ತಡವಾಗಿ ಆಗ್ರಾ ತಲುಪಿದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಸ್ಥಳೀಯ ಸಾರಿಗೆಯವರು ಕಳಿಸಿದ್ದ ಗೈಡ್, ಈಗ ತಾಜ್ ಬಳಿ ವಿಪರೀತ ಜನ, ಅಷ್ಟರೊಳಗೆ ಅಮೃತಶಿಲೆಯ ಕೆಲಸ ಹೇಗೆ ಮಾಡುತ್ತಾರೆಂದು ನೋಡೋಣ ಎಂದ. ಒಂದು ಕಾರ್ಖಾನೆ ಎಂಬ ಅಂಗಡಿ, ಆಮೇಲೆ ಅವನೇ ಆರಿಸಿದ ಹೋಟೆಲಿನಲ್ಲಿ ಊಟ, ಆಮೇಲೆ ಚರ್ಮದ ಅಂಗಡಿ. ನಮ್ಮವರು ತಾಜ್ ನೋಡಿದ್ದು ನಲವತ್ತು ನಿಮಿಷ. ಊರಿಗೆ ಬಂದ ಮೇಲೂ ನಾನು ಮಂಜನ್ನೇ ಬೈಯುತ್ತಿದ್ದೆ. ಮುಂದಿನ ವರ್ಷ ಅದೇ ಗೈಡ್ ಸ್ನೇಹದಿಂದ ಹೇಳಿದ ಮೇಲೆ ಗೊತ್ತಾಯಿತು, ಅವತ್ತು ಅವನಿಗೆ ನಾವು ಕೊಟ್ಟಿದ್ದ ಪ್ಯಾಕೇಜ್ ಹಣದಿಂದ ಬಿಡಿಗಾಸೂ ಹೋಗಿರಲಿಲ್ಲ. ಅವನ ದಿನದ ಸಂಪಾದನೆಯೆಲ್ಲ ಅಂಗಡಿಯವರು ಕೊಡುವ ಕಮಿಷನ್ನಿನಿಂದಲೇ ಬರಬೇಕಿತ್ತು. ಅಂಥವನಿಂದ ನಾವು ಇನ್ನೇನನ್ನು ನಿರೀಕ್ಷಿಸಬಹುದಿತ್ತು?

ಅಂದಿನಿಂದ ಯಾವ ಪ್ಯಾಕೇಜ್ ಬಂದರೂ ನಾನು ಬೆಲೆಯನ್ನು ಆಮೇಲೆ ನೋಡುತ್ತೇನೆ, ಗೈಡಿಗೆ ಹಣ ಕೊಡುವವರು ಯಾರು ಎಂದು ಮೊದಲು ಕೇಳುತ್ತೇನೆ. ನೀವೂ ಏಜೆಂಟರನ್ನು ಇದನ್ನೇ ಕೇಳಿ: ಗೈಡಿನ ಶುಲ್ಕ ಎಷ್ಟು, ಅದು 7,500ರಲ್ಲಿ ಸೇರಿದೆಯೇ, ಅವರ ಬಳಿ ಕೇಂದ್ರ ಅಥವಾ ಉತ್ತರ ಪ್ರದೇಶದ ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇದೆಯೇ, ಅಂಗಡಿಗೆ ಕರೆದೊಯ್ಯುವುದಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದುಕೊಡುತ್ತೀರಾ. ಉತ್ತರ ತೇಲಿಸಿದರೆ ಅಲ್ಲಿಗೆ ಬಿಟ್ಟುಬಿಡಿ. ಬೆಲೆ ಹೆಚ್ಚೋ ಕಡಿಮೆಯೋ ಎಂದು ತೂಗಲು ಒಂದು ಅಂದಾಜು ಬೇಕಿದ್ದರೆ, ಗತಿಮಾನ್ ಆರಂಭವಾದಾಗ ಚೇರ್ ಕಾರ್ ದರ 750, ಎಕ್ಸಿಕ್ಯುಟಿವ್ ದರ 1,500 ರೂಪಾಯಿ ಇತ್ತು. ಈಗಿನ ದರವನ್ನು ಬುಕ್ಕಿಂಗ್ ಮಾಡುವಾಗ ನೋಡಿ, ಎರಡು ಕಡೆಯ ಪ್ರಯಾಣಕ್ಕೆ ಲೆಕ್ಕ ಹಾಕಿ, ತಾಜ್ ಟಿಕೆಟ್ಟಿನ 250 ಸೇರಿಸಿ, ಅದನ್ನು 7,500ರಲ್ಲಿ ಕಳೆಯಿರಿ. ಉಳಿಯುವ ಮೊತ್ತವನ್ನು ಐದು ಜನರಿಂದ ಗುಣಿಸಿದರೆ ಒಂದು ಕಾರು, ಒಬ್ಬ ಗೈಡ್ ಮತ್ತು ಊಟಕ್ಕೆ ನೀವು ಎಷ್ಟು ಕೊಡುತ್ತಿದ್ದೀರಿ ಎಂಬುದು ಕಾಣುತ್ತದೆ. ಕಾರಿಗೂ ಗೈಡಿಗೂ ಇರುವುದು ಗುಂಪಿನ ದರ, ತಲೆಯ ದರವಲ್ಲ ಎಂಬುದನ್ನು ಏಜೆಂಟರು ಸಾಮಾನ್ಯವಾಗಿ ಹೇಳುವುದಿಲ್ಲ.

ಅಂಗಡಿಗಳೆಲ್ಲ ಮೋಸ ಎಂದು ನನ್ನ ಮಾತಿನ ಅರ್ಥವಲ್ಲ. ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸುವ ಪರ್ಚಿನ್‌ಕಾರಿ ಕೆಲಸ ಆಗ್ರಾದಲ್ಲಿ ಇಂದಿಗೂ ಜೀವಂತವಾಗಿದೆ, ನೋಡಲು ಚೆಂದ. ಆದರೆ ತಾವು ತಾಜ್ ಕಟ್ಟಿದವರ ವಂಶಸ್ಥರು, ಇದು ಸರ್ಕಾರಿ ಎಂಪೋರಿಯಂ ಎಂಬ ಮಾತುಗಳನ್ನು ಪ್ರತಿಯೊಂದು ಅಂಗಡಿಯಲ್ಲೂ ಕೇಳುತ್ತೀರಿ. ತಾಜ್‌ಗೆ ಬಳಸಿದ್ದು ರಾಜಸ್ಥಾನದ ಮಕ್ರಾನಾದ ಗಟ್ಟಿ ಅಮೃತಶಿಲೆ. ಬೀದಿಯಲ್ಲಿ ಅದರ ಹೆಸರಿನಲ್ಲಿ ಮಾರುವುದರಲ್ಲಿ ಎಷ್ಟೋ ಭಾಗ ಬಳಪದ ಕಲ್ಲು, ಬೀಗದ ಕೈಯಿಂದ ಗೀಚಿದರೆ ಗೆರೆ ಬೀಳುತ್ತದೆ. ಮೊಮ್ಮಗನಿಗೆ ಒಂದು ಪುಟ್ಟ ಡಬ್ಬಿ ಕೊಳ್ಳುವುದಾದರೆ ಅದು ಬಳಪದ ಕಲ್ಲೆಂದು ತಿಳಿದೇ ಕೊಳ್ಳಿ, ತಪ್ಪೇನಿಲ್ಲ.

ಗೈಡ್ ಬೇಕೇ ಎಂಬುದಕ್ಕೆ ನನ್ನ ಅಭಿಪ್ರಾಯ, ಕಡ್ಡಾಯವಲ್ಲದಿದ್ದರೂ ನಿಮ್ಮಂಥ ಕುಟುಂಬಕ್ಕೆ ಒಳ್ಳೆಯ ಗೈಡ್ ಉಪಯುಕ್ತ. ಕತೆಗಿಂತ ಹೆಚ್ಚಾಗಿ ಗೇಟು, ಸಾಲು, ಗಾಲಿಕುರ್ಚಿ, ಶೌಚಾಲಯಗಳ ವಿಷಯದಲ್ಲಿ ಅವರ ನೆರವು ದೊಡ್ಡದು. ಕನ್ನಡ ಬಲ್ಲವರು ಸಿಗುವುದು ಅಪರೂಪ. ಹಿಂದಿ ಅಥವಾ ಇಂಗ್ಲಿಷ್‌ಗೆ ಸಿದ್ಧರಾಗಿ. ಅವರ ಗುಣಮಟ್ಟ ತಿಳಿಯಲು ನನ್ನದೊಂದು ಉಪಾಯವಿದೆ. ಷಹಜಹಾನ್ ಕೆಲಸಗಾರರ ಕೈ ಕಡಿಸಿದ ಕತೆಯನ್ನೂ ಯಮುನೆಯ ಆಚೆ ಕಟ್ಟಬೇಕೆಂದಿದ್ದ ಕಪ್ಪು ತಾಜ್‌ನ ಕತೆಯನ್ನೂ ಅವರು ಹೇಗೆ ಹೇಳುತ್ತಾರೆಂದು ಗಮನಿಸಿ. ಮೊದಲನೆಯದಕ್ಕೆ ಆಧಾರವೇ ಇಲ್ಲ. ಎರಡನೆಯದು 17ನೆಯ ಶತಮಾನದ ಫ್ರೆಂಚ್ ಯಾತ್ರಿಕ ತಾವೆರ್ನಿಯೆಯ ಬರಹದಿಂದ ಹುಟ್ಟಿದ ಮಾತು. ಆಚೆ ದಡದ ಮೆಹತಾಬ್ ಬಾಗ್‌ನಲ್ಲಿ ಅಗೆದಾಗ ಸಿಕ್ಕಿದ್ದು ಉದ್ಯಾನದ ಅವಶೇಷ, ಗೋರಿಯ ತಳಪಾಯವಲ್ಲ. ಇವನ್ನು ದಂತಕತೆ ಎಂದೇ ಹೇಳುವ ಗೈಡ್ ನಿಮಗೆ 1631ರಲ್ಲಿ ಬುರ್ಹಾನ್‌ಪುರದಲ್ಲಿ ಮುಮ್ತಾಜ್ ತೀರಿಕೊಂಡದ್ದರಿಂದ ಹಿಡಿದು ಕಟ್ಟಡದ ನಿಜವಾದ ಕತೆಯನ್ನೂ ಹೇಳಬಲ್ಲರು.

ದಿನದ ಕ್ರಮದ ಬಗ್ಗೆ ಒಂದು ಮಾತನ್ನು ಪಟ್ಟು ಹಿಡಿದು ಹೇಳುತ್ತೇನೆ. ಎಲ್ಲ ಪ್ಯಾಕೇಜುಗಳೂ ಮೊದಲು ತಾಜ್, ಆಮೇಲೆ ಉಳಿದದ್ದು ಎನ್ನುತ್ತವೆ. ಬೇಸಿಗೆಯಲ್ಲಿ ಅದು ಸರಿ. ಡಿಸೆಂಬರ್ ಕೊನೆಯಲ್ಲಿ ಮೊದಲು ಆಗ್ರಾ ಕೋಟೆಗೆ ಹೋಗಿ. ಮಂಜು ಪೂರ್ತಿ ಕರಗದಿದ್ದರೂ ಕೆಂಪು ಕಲ್ಲಿನ ಕೋಟೆಯನ್ನು ಹತ್ತಿರದಿಂದ ನೋಡಲು ಅಡ್ಡಿಯಿಲ್ಲ. ಬಿಳಿಯ ತಾಜ್ ಮಾತ್ರ ಮಂಜಿನಲ್ಲಿ ಐವತ್ತು ಹೆಜ್ಜೆ ದೂರದಿಂದಲೂ ಕಾಣದ ದಿನಗಳಿವೆ. ಕೋಟೆಯಲ್ಲಿ ಒಂದು ಗಂಟೆ ಸಾಕು. ಯಜಮಾನರಿಗೆ ಅಲ್ಲಿನ ಏರು ಪ್ರಯಾಸವೆನಿಸಿದರೆ ಕೋಟೆಯನ್ನೇ ಬಿಟ್ಟು ನಿಧಾನವಾಗಿ ಊಟ ಮುಗಿಸಿ. ತಾಜ್ ಒಳಗೆ ಟಿಕೆಟ್ಟಿನ ಅವಧಿ ಮೂರು ಗಂಟೆ. ಹನ್ನೆರಡೂವರೆ, ಒಂದರ ಸುಮಾರಿಗೆ ಒಳಗೆ ಹೋದರೆ ನಾಲ್ಕಕ್ಕೆ ಹೊರಬಂದು ಆರು ಕಿ.ಮೀ. ದೂರದ ನಿಲ್ದಾಣಕ್ಕೆ ಗಡಿಬಿಡಿಯಿಲ್ಲದೆ ತಲುಪಬಹುದು. ಫತೇಪುರ್ ಸಿಕ್ರಿಯನ್ನೂ ಅದೇ ದಿನ ಸೇರಿಸುತ್ತೇವೆ ಎಂದರೆ ಬೇಡವೆನ್ನಿ.

ತಾಜ್‌ನ ಐನೂರು ಮೀಟರ್ ಸುತ್ತ ಹೊಗೆಯುಗುಳುವ ವಾಹನಗಳಿಗೆ ನಿಷೇಧವಿರುವುದರಿಂದ ನಿಮ್ಮ ಕಾರು ಪೂರ್ವ ಗೇಟಿನ ಕಡೆಯ ಶಿಲ್ಪಗ್ರಾಮದಲ್ಲಿ ನಿಲ್ಲುತ್ತದೆ, ಅಲ್ಲಿಂದ ಬ್ಯಾಟರಿ ಗಾಡಿ. ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಕೊಂಡರೆ ಟಿಕೆಟ್ ಕಿಟಕಿಯ ಸಾಲು ತಪ್ಪುತ್ತದೆ, ತಪಾಸಣೆಯ ಸಾಲು ತಪ್ಪುವುದಿಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು. ಮೊಮ್ಮಗ ಯಾರ ಜೊತೆ, ಫೋನು ಯಾರ ಬಳಿ, ಒಳಗೆ ಎಲ್ಲಿ ಸೇರುವುದು ಎಂಬುದನ್ನು ಸಾಲಿಗೆ ನಿಲ್ಲುವ ಮೊದಲೇ ಮಾತಾಡಿಕೊಳ್ಳಿ. ತಿಂಡಿತಿನಿಸು, ತಂಬಾಕು, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ರೊಟ್ಟಿ-ಶೇಂಗಾ ಚಟ್ನಿಯ ಡಬ್ಬಿ ಕಾರಿನಲ್ಲೇ ಇರಲಿ. ಯಜಮಾನರಿಗೆ ಎಲೆ-ಅಡಿಕೆಯ ಸಂಚಿಯಿದ್ದರೆ ಅದೂ ಅಲ್ಲೇ. ನೀರಿನ ಬಾಟಲಿಗೆ ಅಡ್ಡಿಯಿಲ್ಲ.

ಪ್ಯಾಕೇಜ್ ಬಿಟ್ಟರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ರೈಲು ಮತ್ತು ತಾಜ್ ಟಿಕೆಟ್ ನೀವೇ ಮಾಡಿ, ಆಗ್ರಾ ಕ್ಯಾಂಟ್‌ನ ಪ್ರೀಪೇಯ್ಡ್ ಕೌಂಟರಿನಿಂದ ದಿನವಿಡೀ ಕಾರು ಪಡೆದು, ಪರವಾನಗಿ ಇರುವ ಗೈಡನ್ನು ಮೊದಲೇ ಗೊತ್ತುಮಾಡಿಕೊಂಡು ಶುಲ್ಕವನ್ನು ನೀವೇ ಅವರ ಕೈಗೆ ಕೊಡುವುದು ಒಂದು. ಇದರ ಅಪಾಯವೆಂದರೆ ನಿಲ್ದಾಣದಿಂದ ಹೊರಬಂದ ಕೂಡಲೇ ಮುತ್ತಿಕೊಳ್ಳುವ ದಲ್ಲಾಳಿಗಳು. ಮಗನೋ ಮಗಳೋ ಮುಂದೆ ನಿಂತು ನಿಷ್ಠುರವಾಗಿ ಬೇಡ ಎನ್ನಬಲ್ಲವರಾದರೆ ಇದೇ ಒಳ್ಳೆಯದು.

ಇನ್ನೊಂದು ದಾರಿ ನೀವು ಹತ್ತುವ ರೈಲಿನಲ್ಲೇ ಇದೆ. ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿ ಸೇರುವ ಮೊದಲು ಆಗ್ರಾ ಕ್ಯಾಂಟ್‌ನಲ್ಲಿ ನಿಲ್ಲುತ್ತದೆ. ನೀವಿಬ್ಬರು ಅಲ್ಲೇ ಇಳಿದು ಹೋಟೆಲಿನಲ್ಲಿ ಒಂದು ರಾತ್ರಿ ತಂಗಿ, ಮಕ್ಕಳು ಮರುದಿನ ಗತಿಮಾನ್‌ನಲ್ಲಿ ಬಂದು ನಿಮ್ಮನ್ನು ಕೂಡಿಕೊಂಡು, ಸಂಜೆ ಎಲ್ಲರೂ ಒಟ್ಟಿಗೆ ದೆಹಲಿಗೆ ಹೊರಡಬಹುದು. ಸೊಲ್ಲಾಪುರದಿಂದ ಅಷ್ಟು ದೂರ ಕುಳಿತು ಬಂದ ಮೊಣಕಾಲಿಗೆ ಒಂದು ದಿನದ ವಿಶ್ರಾಂತಿಯೂ ಆಯಿತು, ಗುರುಗ್ರಾಮದಿಂದ ನಸುಕಿನಲ್ಲಿ ಏಳುವ ಕಷ್ಟವೂ ತಪ್ಪಿತು. ಮಂಜಿನಲ್ಲಿ ಈ ರೈಲೂ ತಡವಾಗಬಹುದು, ಆದರೆ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇರುವುದರಿಂದ ಅದು ನಿಮ್ಮನ್ನು ಕಾಡುವುದಿಲ್ಲ. ಇದರ ತೊಂದರೆಯೆಂದರೆ ಹೋಟೆಲಿನ ಖರ್ಚು, ರಜೆಯ ವಾರದ ದುಬಾರಿ ದರ, ಮತ್ತು ಎಲ್ಲ ಲಗೇಜನ್ನೂ ಆಗ್ರಾದಲ್ಲಿ ಇಳಿಸಿ ಹತ್ತಿಸುವುದು. ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬೀಗ ಹಾಕಿದ ಚೀಲಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ನನ್ನ ಸ್ವಂತ ತಂದೆತಾಯಿಯಾಗಿದ್ದರೆ ನಾನು ಆರಿಸುತ್ತಿದ್ದದ್ದು ಇದನ್ನೇ.

ಕೊನೆಯದಾಗಿ ಯಜಮಾನರ ಮಾತು. ಗುಮ್ಮಟದ ಗಾತ್ರದ ಲೆಕ್ಕದಲ್ಲಿ ಅವರೇ ಗೆದ್ದರು. ಸುಮಾರು 44 ಮೀಟರ್ ಹೊರವ್ಯಾಸದ ಗೋಳಗುಮ್ಮಟದ ಮುಂದೆ ತಾಜ್‌ನ ಗುಮ್ಮಟ ಚಿಕ್ಕದೇ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು, ಎರಡರಲ್ಲೂ ಮೇಲೆ ಕಾಣುವುದು ಗೋರಿಯ ಪ್ರತಿರೂಪ, ನಿಜವಾದ ಗೋರಿ ಕೆಳಗಿನ ನೆಲಮನೆಯಲ್ಲಿ. ಆದ್ದರಿಂದ ಅವರಿಗೆ 200 ರೂಪಾಯಿಯ ಟಿಕೆಟ್ ಬೇಡ, ಆರೇಳು ಮೀಟರ್ ಎತ್ತರದ ಅಮೃತಶಿಲೆಯ ಜಗತಿಯ ಮೆಟ್ಟಿಲೂ ಬೇಡ. ಒಳಗೆ ಕತ್ತಲು, ನೂಕುನುಗ್ಗಲು, ಕಾವಲುಗಾರರ ಸೀಟಿ, ಫೋಟೊ ತೆಗೆಯಲೂ ಬಿಡುವುದಿಲ್ಲ. 50 ರೂಪಾಯಿಯ ಟಿಕೆಟ್ ಸಾಕು. ಗೇಟಿನಲ್ಲಿ ಗಾಲಿಕುರ್ಚಿ ಕೇಳಿ, ಉದ್ಯಾನದ ಸಮತಟ್ಟಾದ ಹಾದಿಯಲ್ಲಿ ಕರೆದೊಯ್ದು, ಮಧ್ಯದ ಕೊಳದ ಬಳಿಯ ಬೆಂಚಿನ ಮೇಲೆ ಕೂರಿಸಿ. ನೀವು ಮೇಲೆ ಹೋಗಿ ಬರುವಷ್ಟರಲ್ಲಿ ಬಿಸಿಲು ಪಶ್ಚಿಮಕ್ಕೆ ಇಳಿದಿರುತ್ತದೆ, ಕಲ್ಲಿನ ಬಣ್ಣ ಬದಲಾಗುವುದನ್ನು ನಿಮಗಿಂತ ಚೆನ್ನಾಗಿ ನೋಡಿದವರು ಅವರೇ ಆಗಿರುತ್ತಾರೆ. ಮೊಮ್ಮಗನನ್ನೂ ಅವರ ಬಳಿಯೇ ಬಿಟ್ಟು ಹೋಗಬಹುದು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯ ಕತೆ ಹೇಳಲು ಅವರಿಗೊಬ್ಬ ಕೇಳುಗ ಸಿಕ್ಕಂತಾಗುತ್ತದೆ.